ಟೋಕನ್ ಇಪ್ಪತ್ತಮೂರು

ಹೊಸಂಗಡಿಯ ಅಕ್ಷಯ ಕೇಂದ್ರಕ್ಕೆ ಬಂದವರಿಗೆಲ್ಲ
ಮೊದಲು ಒಂದು ಟೋಕನ್ –
ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಲು,
ಭೂತೆರಿಗೆಗೆ, ಸತ್ತವರ ಸರ್ಟಿಫಿಕೇಟಿಗೆ.
ಬೆನ್ನಿಬಾಯಿಯದು ಇಪ್ಪತ್ತಮೂರು.
ಸ್ಟೇಷನ್ ರಸ್ತೆಯಲ್ಲಿ ನೈಟಿ ಹೊಲಿಯುವವಳು,
ಅಳತೆಯ ಟೇಪು ಕೊರಳಿಂದ ಇಳಿಸಲು ಮರೆತು ಬಂದಿದ್ದಳು.

"ಇದೂ ಟೋಕನ್, ಅದೂ ಟೋಕನಂತೆ,"
ಫೋನು ನನ್ನ ಮುಂದಿಟ್ಟಳು.
"ಇದು ಕೈಯಲ್ಲಿದೆ. ಅದು ಎಲ್ಲಿದೆ, ನೀವೇ ಹೇಳಿ."

ತಮ್ಮ ಲಿಗೋರಿ ಹಡಗಿನ ಅಡುಗೆಯವನು.
ಬ್ಯಾಂಕಿನ ದಾರಿಯಲ್ಲಿ ಕಳಿಸಿದರೆ ನಾಲ್ಕು ದಿನ, ನಡುವೆ ಮೂರು ಕೈ,
ಮೂರೂ ಜೇನು ಕಿತ್ತ ಕೈ,
ನೆಕ್ಕದೆ ದಾಟಿಸುವುದಿಲ್ಲ.
ಈಗೆರಡು ವರ್ಷದಿಂದ ಅವನು ಕಳಿಸುವುದು
ಡಾಲರಿನ ನೆರಳಿನಂಥ ಒಂದು ನಾಣ್ಯ.
ಮೊಂತಿ ಹಬ್ಬದ ಮರುದಿನ ಅಮ್ಮನ ಆಪರೇಷನ್ನು,
ದೇರಳಕಟ್ಟೆಯಲ್ಲಿ ಮುಂಗಡ ಕೇಳಿದ್ದರು, ರಾತ್ರಿ ಹನ್ನೊಂದು ಗಂಟೆ.
ಡರ್ಬನ್ ಬಂದರಿನಲ್ಲಿ ಅವನು ಬೆರಳೊತ್ತಿದ;
ಇಂದೋರಿನ ಕಡೆಯ ಯಾರೋ ಆ ನೆರಳು ಕೊಂಡು ರೂಪಾಯಿ ಹಾಕಿದ;
ಇವಳು ಮುಖ ತೊಳೆದು ಬರುವುದರೊಳಗೆ
ಕೌಂಟರಿನವನು ರಶೀದಿ ಹರಿದಿದ್ದ.

ನಾನು ಲೆಕ್ಕ ಹಾಕಿದೆ:
ಮಲ್ಪೆಯಿಂದ ಬರುವ ಬಂಗುಡೆ
ತಲಪಾಡಿಯಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ.

"ಈಗ ಖಾತೆಗೆ ಬೀಗ," ಎಂದಳು.
ಕಳೆದ ತಿಂಗಳು ಕೊಂಡವನ ರೂಪಾಯಿ ಇನ್ನೊಬ್ಬನಿಂದ ಕದ್ದದ್ದಂತೆ,
ಕದ್ದ ದುಡ್ಡು ಹನ್ನೊಂದು ಸಾವಿರ,
ಅದರ ಜೊತೆ ಸೆರೆಬಿದ್ದದ್ದು ಮೂರು ವರ್ಷದ ಹೊಲಿಗೆಯ ಉಳಿಕೆ.
ನೋಡದ ಊರಿನ ಪೊಲೀಸರ ಪತ್ರ, ಹಿಂದಿಯಲ್ಲಿ.

"ಆ ನಾಣ್ಯದವರ ಅಂಗಡಿ ಎಲ್ಲಿ?"
ಇಲ್ಲ.
"ಮೆನೇಜರು?"
ಇಲ್ಲ.
"ಗೋಡೆಗೊಂದು ದೂರಿನ ಪೆಟ್ಟಿಗೆಯಾದರೂ?"
ಗೋಡೆಯೇ ಇಲ್ಲ ಬಾಯಿ.
"ಸರಕಾರ?"

ಸರಕಾರ ಇದೆ. ಮಾರ್ಚ್ ತಿಂಗಳಲ್ಲಿ ಚೆನ್ನಾಗಿ ಕಾಣುತ್ತದೆ.
ಲಾಭಕ್ಕೆ ನೂರಕ್ಕೆ ಮೂವತ್ತು; ನಷ್ಟ ಬಂದರೆ
ಅದನ್ನು ಬರೆಯಲು ಜಾಗವಿಲ್ಲ.
ತೆರಿಗೆಗೆ ಅದು ಆಸ್ತಿ, ದೂರಿಗೆ ಅದು ಹೊಗೆ.

ಬೆನ್ನಿಬಾಯಿ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.
"ನೋಡಿ, ಬಿಗಿ ಹೊಲಿದರೆ ಕಂಕುಳಲ್ಲಿ ಹರಿಯುತ್ತದೆ,
ಸಡಿಲ ಬಿಟ್ಟರೆ ಹೆಗಲು ನಿಲ್ಲುವುದಿಲ್ಲ.
ಇವರು ಅಳತೆಯನ್ನೇ ತೆಗೆದಿಲ್ಲ,
ಕೂಲಿ ಮಾತ್ರ ಮೊದಲೇ ಇಸಕೊಂಡಿದ್ದಾರೆ."

ಅರ್ಜಿಯ ನಮೂನೆ ಮಲಯಾಳದಲ್ಲಿ, ಹಿಂಬದಿ ಇಂಗ್ಲಿಷ್.
"ಕನ್ನಡದಲ್ಲೇ ಬರೆಯಿರಿ," ಎಂದಳು.
ಅವಳ ಮನೆಮಾತು ಕೊಂಕಣಿ,
ಪ್ರಾರ್ಥನೆಯ ಪುಸ್ತಕದ ಅಕ್ಷರ ಮಾತ್ರ ನಮ್ಮದು.

ನನ್ನ ಪೆನ್ನು ಅಲ್ಲಿ ಸ್ವಲ್ಪ ನಿಂತಿತು.
ಈ ನುಡಿಯೂ ಇಲ್ಲಿ ಹಾಗೆಯೇ ಚಲಾವಣೆ:
ಬಸ್ಸಿನಲ್ಲಿ ನಡೆಯುತ್ತದೆ, ಮೀನಿನ ಚೌಕಾಸಿಗೆ ನಡೆಯುತ್ತದೆ,
ಬೇಲಿಯ ಜಗಳಕ್ಕೆ ಬಲು ಚೆನ್ನಾಗಿ;
ಆಫೀಸಿನ ಕಿಟಕಿಯಲ್ಲಿ ಕೊಟ್ಟರೆ ಮಾತ್ರ
ತಿರುವಿ ನೋಡಿ, ಹಿಂದೆ ಸರಿಸುತ್ತಾರೆ.
ನಂಬಿದವರ ನಡುವೆ ಮಾತ್ರ ಬೆಲೆಯುಳ್ಳದ್ದು.
ಎಷ್ಟು ಮನವಿಗೆ ಸಹಿ ಹಾಕಿದ್ದೇನೆ ನಾನು –
ಮುದ್ರೆ ಕೊಡಿ, ನಮಗೂ ಒಂದು ಮುದ್ರೆ ಕೊಡಿ.
ಮುದ್ರೆಯೇ ಬೇಡವೆಂದು ಹುಟ್ಟಿದ ನಾಣ್ಯಕ್ಕೆ
ನಾನು ಯಾವ ಬಾಯಲ್ಲಿ ಬುದ್ಧಿ ಹೇಳಲಿ?

ಬರೆದೆ. ಕನ್ನಡದಲ್ಲೇ ಬರೆದೆ.
ಮಲಯಾಳದ ಪ್ರತಿಯೊಂದನ್ನೂ ಲಗತ್ತಿಸಿದೆ, ಯಾಕೆ ಸುಳ್ಳು ಹೇಳಲಿ.

"ಮುಂದಿನ ತಿಂಗಳು ಲಿಗೋರಿ ಹೇಗೆ ಕಳಿಸುತ್ತಾನೆ?"
"ಹಾಗೆಯೇ," ಎಂದಳು, ಯೋಚಿಸಲಿಲ್ಲ.
"ಅಮ್ಮ ಬದುಕಿದ್ದು ಅದರಿಂದಲ್ಲವಾ.
ಆದರೆ ಕೊಳ್ಳುವವನ ಹೆಸರು, ಊರು, ಮುಖ
ಯಾರಾದರೂ ಬರೆದಿಡಬೇಕಪ್ಪ.
ನಾನು ಬ್ಲೌಸ್ ಬಟ್ಟೆಗೂ ಚೀಟಿ ಚುಚ್ಚುತ್ತೇನೆ."

ಇಪ್ಪತ್ತು ರೂಪಾಯಿ ಕೊಟ್ಟಳು, ಎರಡು ಹತ್ತರ ನಾಣ್ಯ.
ಟೋಕನ್ ವಾಪಸು ಕೇಳಿದೆ.
"ಇದೊಂದು ನನ್ನ ಹತ್ತಿರ ಇರಲಿ," ಎಂದು
ಮಡಚಿ ಪರ್ಸಿಗೆ ಹಾಕಿಕೊಂಡು ಮೆಟ್ಟಿಲಿಳಿದಳು.

ಇಪ್ಪತ್ತನಾಲ್ಕು ಎಂದು ಕೂಗಿದೆ.
ಯಾರೂ ಏಳಲಿಲ್ಲ.
ಇನ್ನೊಂದು ಭಾಷೆಯಲ್ಲಿ ಕೂಗಿದೆ.